ಟಾರ್ಚ್ ಇದೆಯೇ? ಇದೆ

ಸರ್ಕಾರಿ ಕೆಲಸ ಸಿಕ್ಕವನಿಗೆ ಇನ್ನು ಭಯವಿಲ್ಲ. ಆ ವರ್ಷಗಳಲ್ಲಿ ತಮಿಳುನಾಡಿನ ಹೊಸೂರು ಕಡೆ ಎಲ್ಲರೂ ನಂಬಿದ್ದ ಮಾತು ಇದು. ಅದು ನಿಜವೇ ಎಂದು ನೌಕರರನ್ನೇ ಕೇಳಿ ಬರೆದುಕೊಳ್ಳುವ ಸಮೀಕ್ಷೆಯಲ್ಲಿ ನನಗೆ ಕೆಲಸ ಸಿಕ್ಕಿತು. ಪ್ರಶ್ನೆಗಳು ತಮಿಳಿನಲ್ಲಿದ್ದವು, ಉತ್ತರಿಸುವವರು ಕನ್ನಡದವರು, ನನಗೆ ಎರಡೂ ಬರುತ್ತಿದ್ದವು. ನನ್ನ ಎಂ.ಎ.ಯನ್ನು ಯಾರೂ ಕೇಳಲಿಲ್ಲ. ಇಂಥ ಕೆಲಸದಲ್ಲಿ ನಗುವಂಥದ್ದು ನಡೆಯುತ್ತಲೇ ಇರುತ್ತದೆ. ನಗುವವರು ಕಡಿಮೆ.

ಕುರ್ಚಿ

ಕಾಡಂಚಿನ ಒಂದು ಅರಣ್ಯ ಕಚೇರಿ. ಹೆಸರು ಬೇಡ. ನೌಕರನನ್ನು ಒಬ್ಬನನ್ನೇ ಕೂರಿಸಿಕೊಂಡು ಕೇಳಬೇಕು ಎಂಬುದು ನಮ್ಮ ನಿಯಮ. ಹೊರಗೆ ಮರದ ಕೆಳಗೆ ಕೂರುತ್ತೇನೆ ಎಂದೆ.

"ಮನೆಗೆ ಬಂದೋರನ್ನ ಮರದ ಕೆಳಗೆ ಕೂರಿಸ್ತಾರೇನ್ರೀ?" ಎಂದು ರೇಂಜರ್ ನನ್ನನ್ನು ತಮ್ಮ ಮೇಜಿನ ಎದುರೇ ಕೂರಿಸಿ ಟೀ ತರಿಸಿದರು. ನೌಕರರು ಒಬ್ಬೊಬ್ಬರಾಗಿ ಚಪ್ಪಲಿ ಹೊರಗೆ ಬಿಟ್ಟು ಬಂದು ನಿಂತರು. ಮೊದಲು ಬಂದವನು ರಾತ್ರಿ ಕಾಡು ಕಾಯುವ ಒಬ್ಬ ವಾಚರ್. ದಿನಗೂಲಿಯಲ್ಲೇ ತಲೆ ನರೆತು ಈಗಷ್ಟೇ ಕಾಯಂ ಆಗಿದ್ದ.

"ಮೇಲಧಿಕಾರಿಯ ವರ್ತನೆ ಹೇಗಿದೆ?"

ಅವನು ರೇಂಜರ್ ಮುಖ ನೋಡಿದ. ರೇಂಜರ್ ಬಿಸ್ಕತ್ತು ಅದ್ದುತ್ತಿದ್ದರು.

"ರೊಂಬ ಚೆನ್ನಾಗೈತೆ ಸಾರ್."

"ಕೂರಲು ವ್ಯವಸ್ಥೆ ಇದೆಯೇ?"

"ಐತೆ ಸಾರ್," ಅಂದ, ನಿಂತುಕೊಂಡೇ.

ಸೆಲ್ಲು

ಅದೇ ವಾಚರ್ ಬಸ್ ಸ್ಟಾಪಿನವರೆಗೆ ಹಿಂದೆ ಬಂದ.

"ಸಾರ್, ಒಳಗೆ ನೀವು ಕೇಳ್ದಾಗ ಟಾರ್ಚ್ ಐತೆ ಅಂದ್ನಲ್ಲ, ಅದ್ರಲ್ಲಿ ಸೆಲ್ಲಿಲ್ಲ. ಕತ್ಲಲ್ಲಿ ಆನೆ ಬಂಡೆ ನಿಂತಂಗೆ ನಿಂತಿರ್ತದೆ. ಉಸ್ರು ಬಿಟ್ಟಾಗ್ಲೇ ಗೊತ್ತಾಗೋದು. ಒಂದ್ ಮಾತು ಬರೀರಿ ಸಾರ್, ನನ್ನ ಹೆಸ್ರು ಬ್ಯಾಡ."

"ನಿನ್ನ ಕೈದುಡ್ಡಲ್ಲಿ ಹಾಕ್ಸೋಕಾಗಲ್ವಾ?"

"ಹಾಕ್ಸಿದ್ದೆ ಸಾರ್. ಸಾಹೇಬ್ರ ಮನೇಲಿ ಕರೆಂಟ್ ಹೋಗಿತ್ತು, ಇಸ್ಕೊಂಡ್ರು."

ನಮೂನೆಯಲ್ಲಿ ಇದ್ದದ್ದು 'ಇದೆ', 'ಇಲ್ಲ' ಎರಡೇ. 'ಇದೆ' ಎಂದು ಗುರುತು ಹಾಕಿ, ಪಕ್ಕದಲ್ಲಿ 'ಸೆಲ್ಲಿಲ್ಲ' ಎಂದು ಬರೆದೆ. ಕೃಷ್ಣಗಿರಿಯ ನಮ್ಮ ಮೇಲ್ವಿಚಾರಕರು ಅದನ್ನು ಹೊಡೆದು ಹಾಕಿದರು.

"ಕಂಪ್ಯೂಟರಿಗೆ ಸೆಲ್ಲು ಗೊತ್ತಾಗಲ್ಲಪ್ಪ."

ಗಾಳಿ

ಕೆಲಸದ ಗುಣಮಟ್ಟ ಅಳೆಯಲು ಇನ್ನೊಂದು ದಿನ ಅದೇ ಕಚೇರಿಗೆ ಹೋದೆ. ಆನೆ ಹೊಲಕ್ಕೆ ನುಗ್ಗಿದ ವರದಿ ಹೆಚ್ಚಾದರೆ ಕಾವಲು ಸರಿಯಿಲ್ಲ ಎಂದು ಲೆಕ್ಕ. ಹಾಗಾಗಿ ಆ ರೇಂಜಿನಲ್ಲಿ ಆನೆ ನುಗ್ಗುತ್ತಲೇ ಇರಲಿಲ್ಲ. ಉದ್ದನಪಲ್ಲಿ ಕಡೆಯ ರಾಗಿ ಹೊಲಗಳು ತಾವಾಗಿಯೇ ಮಲಗಿಕೊಳ್ಳುತ್ತಿದ್ದವು.

ಯಾರ ಹೆಸರನ್ನೂ ಹೇಳದೆ ರೇಂಜರ್ ಹತ್ತಿರ ಸೆಲ್ಲಿನ ಮಾತೆತ್ತಿದೆ.

"ಆನೆ ಬರದ ಕಡೆ ಸೆಲ್ಲು ಯಾಕ್ರೀ? ಆಡಿಟ್‌ನೋರು ಕೇಳಲ್ವಾ?"

ಕಿಟಕಿಯಾಚೆ ಕಚೇರಿಯ ಬೇಲಿ ನೆಲ ಕಚ್ಚಿತ್ತು. "ಅದೇನು ಸಾರ್?"

"ಗಾಳಿ."

ಗಾಳಿ ಪಕ್ಕದಲ್ಲೇ ಒಂದು ಮಂಕರಿ ಲದ್ದಿ ಹಾಕಿ ಹೋಗಿತ್ತು.

ಸಮೀಕ್ಷೆಯ ಫಲಿತಾಂಶ ಬಂತು. ತೃಪ್ತಿಯಲ್ಲೂ ಕೆಲಸದಲ್ಲೂ ಆ ಕಚೇರಿಯೇ ಮೊದಲು. ರೇಂಜರಿಗೆ ಶಾಲು ಹೊದಿಸಿದರು.

ಎರಡನೇ ಸುತ್ತು

ಕೆಲವು ವರ್ಷ ಕಳೆದು, ಸುಧಾರಣೆ ಎಷ್ಟಾಗಿದೆ ಎಂದು ಅಳೆಯಲು ಮತ್ತೆ ಕಳಿಸಿದರು. ಅದೇ ಕೋಣೆ, ಅದೇ ರೇಂಜರ್, ಅದೇ ಟೀ. ವಾಚರ್ ಜಾಗದಲ್ಲಿ ಒಬ್ಬ ಹೆಂಗಸು ನಿಂತಿದ್ದಳು.

"ಅವನ ಹೆಂಡ್ತಿ," ರೇಂಜರ್ ದನಿ ತಗ್ಗಿಸಿದರು. "ಅನುಕಂಪದ ಮೇಲೆ ಕೊಡಿಸಿದೀವಿ. ಕಚೇರಿ ಗುಡಿಸೋ ಕೆಲಸ. ಪಾಪ, ಆನೆ."

"ಆನೆ ಬರಲ್ಲ ಅಂದಿದ್ರಿ."

"ಒಂದು ಬಂತು."

ಹೊರಗೆ ಸುಡು ಬಿಸಿಲು. ನಾನು ಪ್ರಶ್ನೆ ಓದಿದೆ.

"ಸಲಕರಣೆಗಳ ವಿಷಯದಲ್ಲಿ ಸುಧಾರಣೆ ಆಗಿದೆಯೇ?"

ಅವಳು ರೇಂಜರ್ ಮುಖ ನೋಡಿದಳು. ಪೊರಕೆ ಕೆಳಗಿಟ್ಟು, ಚೀಲದಿಂದ ಗಂಡನ ಟಾರ್ಚ್ ತೆಗೆದು ಹತ್ತಿಸಿ ತೋರಿಸಿದಳು.

"ಆಗೈತೆ ಸಾರ್. ನಮ್ಮನೆಯವ್ರು ಹೋದ್ಮೇಲೆ ಸೆಲ್ಲು ಹಾಕವ್ರೆ."