ಸದಾನಂದರು ತರಿಸಿದ ರಸ್ತೆ

ಸದಾನಂದರ ಊರಿಗೆ ಡಾಂಬರು ರಸ್ತೆ ಬಂತು. ಚೆನ್ನೈಯ ತ್ರಿಪ್ಲಿಕೇನಿನ ಅವರ ಮೆಸ್ಸಿಗೆ ಗ್ರಹಚಾರ ಬಂತು.

ಬೈಂದೂರಿನ ಒಳಗಿನ ಆ ಹಳ್ಳಿಗೆ ರಸ್ತೆ ತರಿಸಿದವರು ಅವರೇ. ಕಂಡ ಕಂಡ ಮಂತ್ರಿಗಳಿಗೆ ಹಾರ ಹಾಕಿ, ಕಾಡಿ ಬೇಡಿ ತರಿಸಿದ್ದರು. ಭಾಷಣದಲ್ಲಿ ಊರಿನ ಉದ್ಧಾರ ಎಂದರೂ ಒಳಗಿನ ಲೆಕ್ಕ ಬೇರೆಯಿತ್ತು. ಮೆಸ್ಸಿನ ಕೆಲಸದವರೆಲ್ಲ ಅದೇ ಊರಿನವರು. ಮಳೆಗಾಲದಲ್ಲಿ ರಜೆ ಹೋದರೆ ಹೊಳೆ ಇಳಿಯುವ ತನಕ ಪತ್ತೆಯಿಲ್ಲ. ರಸ್ತೆಯಾದರೆ ಹೋದ ವೇಗದಲ್ಲೇ ಬರುತ್ತಾರೆ, ಬರುವಾಗ ಇನ್ನಿಬ್ಬರನ್ನು ಕರೆತರುತ್ತಾರೆ!

ರಸ್ತೆ ನೋಡಿ ಬರುತ್ತೇನೆಂದು ವಾರದ ಹಿಂದೆ ಹೋದ ಅಡುಗೆಯ ಭೋಜರಾಜ ಈ ಬೆಳಿಗ್ಗೆಯೂ ಬರಲಿಲ್ಲ. ಮೆಸ್ಸಿನ ಮಾನ ಇದ್ದದ್ದೇ ಅವನ ಸಾಂಬಾರಿನಲ್ಲಿ. ಬದಲಿ ಅಡುಗೆಯವನೂ ಇವತ್ತು ಕೈಕೊಟ್ಟಿದ್ದರಿಂದ, ಊಟದ ಹೊತ್ತು ಹತ್ತಿರವಾದಾಗ ಸದಾನಂದರು ಪಂಚೆ ಎತ್ತಿ ಕಟ್ಟಿ ತಾವೇ ಒಲೆಯ ಮುಂದೆ ನಿಂತರು. ದುಡ್ಡಿನ ಗಲ್ಲೆಯಲ್ಲಿ ಕುಳಿತೇ ಕಾಲ ಕಳೆದವರು. ಹುಣಸೆಹುಳಿ ಧಾರಾಳವಾಗಿ ಬಿತ್ತು.

ದಿನದಂತೆ ಸಾಂಬಾರಿಗೆ ಡಬ್ಬಿ ಹಿಡಿದು ಬಂದ ಮಹಡಿ ಮನೆಯ ಜಯಲಕ್ಷ್ಮೀ ರುಚಿ ನೋಡಿ ಕಣ್ಣು ಮುಚ್ಚಿದರು. "ಹಲ್ಲೆಲ್ಲ ಜುಮ್ ಅಂತಿದೆ ಕಣ್ರೀ! ಕೊಂಚ ವೆಲ್ಲಂ ಹಾಕಿ, ಸರಿಹೋಗತ್ತೆ."

ಬೆಲ್ಲ ಬಿತ್ತು.

"ಸಿಹಿ ಜಾಸ್ತಿ ಆಯ್ತಣ್ಣ, ಖಾರ ಹಾಕಿ," ಎಂದ ಪಕ್ಕದ ಜೆರಾಕ್ಸ್ ಅಂಗಡಿಯ ರೂಪೇಶ್.

ಖಾರ ಬಿತ್ತು. ಖಾರಕ್ಕೆ ನೀರು, ನೀರಿಗೆ ಉಪ್ಪು. ಕೊನೆಗೆ ಅದು ಸಾಂಬಾರೂ ಅಲ್ಲ, ಪಾನಕವೂ ಅಲ್ಲ. ಬಡಿಸುವ ಸುಕೇಶ ಅದನ್ನೇ ಎಲೆಗೆ ಹಾಕಿದ. ಗಿರಾಕಿಗಳು ಮುಖ ಕಿವುಚಿ ಮಜ್ಜಿಗೆ ಕೇಳಿದರು. ಸದಾನಂದರಿಗೆ ನಾಚಿಕೆಯಿಂದ ನೆಲ ಬಿರಿಯಬಾರದೇ ಎನ್ನಿಸಿತು.

ಅಷ್ಟರಲ್ಲಿ ಭೋಜರಾಜನ ಫೋನು. ಯಜಮಾನರ ಕೈಯೆಲ್ಲ ಸಾಂಬಾರಾಗಿದ್ದರಿಂದ ಸುಕೇಶನೇ ಸ್ಪೀಕರ್ ಹಾಕಿ ಹಿಡಿದ.

"ಎಲ್ಲಿದ್ದಿ ಮಾರಾಯಾ? ಬಸ್ಸು ಹತ್ತಿದ್ದಿಯಾ?" ಎಂದರು ಸದಾನಂದರು.

"ನಾನು ಹತ್ತುದು ಎಂತಕ್ಕಣ್ಣ, ಬಸ್ಸೇ ಇಲ್ಲಿಗೆ ಬರ್ತದಲ್ಲ! ಚೆನ್ನೈಯಿಂದ ಕೊಲ್ಲೂರಿಗೆ ಹೋಗುವ ಯಾತ್ರೆ ಬಸ್ಸೆಲ್ಲ ಈಗ ಈ ಹೊಸ ರಸ್ತೆಯಲ್ಲೇ ಬಂದು ನಮ್ಮ ಮನೆ ಎದುರೇ ನಿಲ್ತದೆ. ಅಂಗಳದಲ್ಲೇ ಹೋಟ್ಲು ಹಾಕಿದೆ. ನಿಮ್ಮ ಉಪಕಾರ ಸಾಯುವವರೆಗೆ ಮರೆಯೂದಿಲ್ಲ."

ಜಯಲಕ್ಷ್ಮೀ ಫೋನಿನ ಹತ್ತಿರ ಬಂದರು. "ಹೋಟ್ಲು ಹೆಸರೇನಪ್ಪಾ? ಮುಂದಿನ ವಾರ ನಾವೂ ಕೊಲ್ಲೂರಿಗೆ ಹೊರಟಿದೀವಿ."

"ಬನ್ನಿ ಅಮ್ಮ, ಬನ್ನಿ! ಅಣ್ಣ, ಮತ್ತೊಂದು ಮಾತು. ಇಲ್ಲಿ ಬಡಿಸಲಿಕ್ಕೆ ಜನವೇ ಸಿಕ್ಕುದಿಲ್ಲ. ಪೇಟೆ ಸಂಬಳವೇ ಕೊಡ್ತೇನೆ. ಅಲ್ಲಿ ಯಾರಾದ್ರೂ ಇದ್ರೆ ಕಳಿಸ್ತೀರಾ?"

ಸದಾನಂದರು ಬಾಯಿ ತೆರೆಯುವ ಮೊದಲೇ ಸುಕೇಶ ಸ್ಪೀಕರ್ ಆರಿಸಿ, ಫೋನು ಕಿವಿಗಿಟ್ಟುಕೊಂಡು ಹಿಂಬಾಗಿಲಿನತ್ತ ನಡೆದ.

"ಭೋಜಣ್ಣ, ನಾನು ಸುಕೇಶ. ಇವತ್ತಿನ ಬಸ್ಸಿಗೇ ಬರ್ಬಹುದಾ?"