ಲೇಬಲ್ ಒಂದು ಕಡೆ, ಬಾಕ್ಸ್ ಒಂದು ಕಡೆ

ಹಾವಿಗೆ ಹೆದರದವರು ನಮ್ಮ ಕಡೆ ಬೇಕಾದಷ್ಟು ಜನ ಇದ್ದಾರೆ. ನಾನು ಫೋನಿಗೂ ಹೆದರುವವನು. ಸಾಗರದಲ್ಲಿ ಕೂತು ಸುತ್ತಲಿನ ಊರಿನವರಿಗೆ ಕಂಪ್ಯೂಟರ್ ಫಾರಂ ಮಾಡಿಕೊಡುವುದು ನನ್ನ ಕೆಲಸ. ಎಡಕ್ಕೆ ‘ಹೆಸರು’ ಅಂತ ಲೇಬಲ್, ಬಲಕ್ಕೆ ತುಂಬೋ ಬಾಕ್ಸ್, ಇಷ್ಟೇ. ಇಷ್ಟರಲ್ಲೇ ಏನಾದರೊಂದು ಎಡವಟ್ಟು ಆಗುತ್ತಲೇ ಇರುತ್ತೆ. ಗಿರಾಕಿಯ ಫೋನ್ ಬಂತೆಂದರೆ ನನಗೆ ಎದೆ ಢವಢವ.

ಮೇಡಂ ಎಳೆದ ಗೆರೆ

ಸಾಗರದ ಒಂದು ಲೈಬ್ರರಿಯ ಸ್ಕ್ರೀನ್ ಭಾರೀ ಅಗಲ. ಲೇಬಲ್ ಈ ತುದಿ, ಬಾಕ್ಸ್ ಆ ತುದಿ. ಯಾವುದಕ್ಕೆ ಯಾವುದು ಅಂತ ತಿಳಿಯದೆ ಅಲ್ಲಿನ ಮೇಡಂ ಸ್ಕೆಚ್ ಪೆನ್ನಿಂದ ಸ್ಕ್ರೀನ್ ಮೇಲೇ ಗೆರೆ ಎಳೆದುಕೊಂಡಿದ್ದರು. ಬೈಸಿಕೊಳ್ಳೋ ಮೊದಲೇ ಓಡಿಹೋಗಿ ಎಲ್ಲಾ ಹತ್ತಿರ ತಂದು, ಒಂದು ಸಾಲು ಮೇಲಕ್ಕೂ ಸರಿಸಿ ಬಂದೆ. ವಾರ ಬಿಟ್ಟು ನೋಡಿದರೆ ಊರಿನ ಜಾಗದಲ್ಲೆಲ್ಲ ಸದಸ್ಯರ ಹೆಸರು. ಮೇಡಂ ಸ್ಕ್ರೀನ್ ಮೇಲೆ ಹಾಗೇ ಉಳಿದಿದ್ದ ಮೊದಲನೇ ಗೆರೆ ಹಿಡಿದೇ ಹೆಸರು ತುಂಬುತ್ತಿದ್ದರು; ಆ ಗೆರೆಯ ಜಾಗಕ್ಕೆ ಈಗ ಊರಿನ ಬಾಕ್ಸ್ ಬಂದು ಕೂತಿತ್ತು.

ಕೀಬೋರ್ಡ್ ಎಳೆದುಕೊಂಡು ಸರಿಮಾಡಲು ಕೂತೆ. ಅವರೇ ಕೇಳಿದರು: “ಬಾಕ್ಸ್ ಸರಿಸಿದೋರು ನನ್ನ ಗೆರೆ ಯಾಕೆ ಸರಿಸ್ಲಿಲ್ಲ?”

ವರನ ಉದ್ಯೋಗ

ಹೊಸನಗರದಲ್ಲಿ ವಧೂವರರ ಕೇಂದ್ರ ನಡೆಸುವ ಯಜಮಾನರು ಹಳೇ ಟೈಪಿಸ್ಟು. ಕಣ್ಣು ಕಾಗದದ ಮೇಲೆ, ಬೆರಳು ಕೀಲಿಯ ಮೇಲೆ; ಸ್ಕ್ರೀನ್ ನೋಡಿದವರೇ ಅಲ್ಲ. ಟ್ಯಾಬ್ ಕೀಲಿ ಒತ್ತಿದರೆ ಯಾವ ಬಾಕ್ಸಿಗೆ ಹೋಗಬೇಕು ಅನ್ನೋದನ್ನ ನಾನು ಹಿಂದುಮುಂದು ಮಾಡಿಟ್ಟಿದ್ದೆ. ಎತ್ತರ ‘ಗುಮಾಸ್ತ’, ಉದ್ಯೋಗ ‘ಐದಡಿ ಆರಿಂಚು’ ಅಂತ ಒಬ್ಬ ವರನ ವಿವರ ಹುಡುಗಿ ಮನೆಗೂ ತಲುಪಿತ್ತು. ಸಂಬಂಧ ಮುರಿದ ಪಾಪ ನನ್ನ ತಲೆಗೇ ಅಂದುಕೊಂಡು ತಪ್ಪೊಪ್ಪಿಕೊಂಡೆ.

“ಇರ್ಲಿ ಬಿಡಿ ಮಾರಾಯ್ರೆ, ಎಷ್ಟೋ ಹುಡುಗರದ್ದು ಉದ್ಯೋಗದ ಜಾಗ ಖಾಲಿನೇ ಇರುತ್ತೆ” ಅಂದರು.

ಜೊತೆಗೆ ಬಂದವರು

ತೀರ್ಥಹಳ್ಳಿಯ ಹಲ್ಲಿನ ಡಾಕ್ಟರೊಬ್ಬರು ಫೋನ್ ಮಾಡಿ, ನಾನು ಮಾಡಿಕೊಟ್ಟ ಫಾರಂನಲ್ಲಿ ‘ರೋಗಿ’ ಮೇಲೆ ಬರಲಿ, ‘ಜೊತೆಗೆ ಬಂದವರು’ ಕೆಳಗಿರಲಿ ಅಂದರು. ಗಡಿಬಿಡಿಯಲ್ಲಿ ಲೇಬಲ್ ಎರಡನ್ನೂ ಅದಲುಬದಲು ಮಾಡಿದೆ. ಬಾಕ್ಸ್ ಬದಲಿಸೋದು ಮರೆತೆ.

ಮರುದಿನವೇ ನಮ್ಮತ್ತೆಗೆ ಹಲ್ಲುನೋವು. ಕೆನ್ನೆ ಊದಿಸಿಕೊಂಡು, ಸೂಜಿ ಬೇಡ ಅಂತ ದಾರಿಯುದ್ದಕ್ಕೂ ಅತ್ತರು. ಸೂಜಿ ಅಂದರೆ ನನಗೂ ಜೀವ ಹೋಗುತ್ತೆ. ಆದರೂ ನಾನಿದ್ದೀನಲ್ಲ ಅಂತ ಧೈರ್ಯ ಹೇಳುತ್ತಾ ಕರೆದುಕೊಂಡು ಹೋದೆ. ಕೌಂಟರಿನವರು ಇಬ್ಬರ ಹೆಸರನ್ನೂ ಅದೇ ಫಾರಂನಲ್ಲಿ ತುಂಬಿ ಕೊಟ್ಟ ಚೀಟಿ ನೋಡಿ, ನರ್ಸ್ ‘ರೋಗಿ’ ಅಂತ ಕರೆದದ್ದು ನನ್ನ ಹೆಸರು.

ತಪ್ಪು ನನ್ನದೇ ಅಂದರೆ ಡಾಕ್ಟರು ಬೈತಾರೆ. ನನ್ನ ಹಲ್ಲು ನೋಡಿ ಅವರೇ ಎಬ್ಬಿಸಿ ಕಳಿಸ್ತಾರೆ ಅಂತ ಸುಮ್ಮನೆ ಹೋಗಿ ಕುರ್ಚಿಯಲ್ಲಿ ಕೂತು ಬಾಯಿ ತೆರೆದೆ. ಡಾಕ್ಟರು ಟಾರ್ಚ್ ಹಾಕಿ ನೋಡಿ, ಕೊನೇ ಹಲ್ಲು ಪೂರ್ತಿ ಹುಳುಕಾಗಿದೆ, ಇವತ್ತೇ ತೆಗೆಯೋಣ ಅಂದರು. ನೀವಾದರೂ ನಿಜ ಹೇಳಿ ಅಂತ ಅತ್ತೆಯ ಕಡೆ ನೋಡಿದೆ.

ಅತ್ತೆ ಊದಿದ ಕೆನ್ನೆಯನ್ನ ಸೆರಗಿನಲ್ಲಿ ಮುಚ್ಚಿಕೊಂಡು ಹತ್ತಿರ ಬಂದು ನನ್ನ ಕೈ ಹಿಡಿದುಕೊಂಡರು.

“ಹೆದರ್ಕೋಬೇಡಿ ಅಳಿಯಂದ್ರೆ, ಜೊತೆಗೆ ಬಂದೋಳು ನಾನಿದ್ದೀನಲ್ಲ.”