ನಲವತ್ತೊಂದನೇ ಪುಟದ ಸಾವು

ಲಿಫ್ಟು ಮಾಡಿದ ತಪ್ಪು ಒಂದೇ. ಪುಸ್ತಕವನ್ನು ಪೂರ್ತಿ ಓದಿಬಿಟ್ಟಿದ್ದ.

ಲಿಫ್ಟು ಎಂದರೆ ಲಿಫ್ಟ್ ರಿಪೇರಿ ಮಾಡುವವನು. ಹೆತ್ತವರಿಟ್ಟ ಹೆಸರನ್ನು ಬೀದಿಯವರು ಎಂದೋ ಮರೆತಿದ್ದರು. ಅವನು ಮದುವೆಯಾಗಬೇಕೆಂದಿದ್ದವಳು ಹಲ್ಲಿನ ಡಾಕ್ಟರ ಮಗಳು, ಅಪ್ಪನ ಕ್ಲಿನಿಕ್ಕಿನಲ್ಲಿ ಕೌಂಟರಿನ ಹಿಂದೆ ಕೂತು ರೋಗಿಗಳಿಗೆ ಚೀಟಿ ಕೊಡುವವಳು. ವಿಷಯ ತಿಳಿದ ಡಾಕ್ಟರು ಹುಡುಗನ ಸಂಬಳ ಕೇಳಲಿಲ್ಲ, ಮನೆ ಎಲ್ಲಿ ಎಂದೂ ಕೇಳಲಿಲ್ಲ. "ಪುಸ್ತಕ ಓದ್ತಾನಾ?" ಎಂದಷ್ಟೇ ಕೇಳಿದರು. "ಓದ್ತಾನಪ್ಪ" ಎಂದಳು ಮಗಳು. "ಹಾಗಾದ್ರೆ ಬಳಗಕ್ಕೆ ಸೇರಲಿ. ಅಲ್ಲಿ ನೋಡಿ ಹೇಳ್ತೀನಿ."

ಡಾಕ್ಟರ ಓದುಗರ ಬಳಗ ಪ್ರತಿ ಭಾನುವಾರ ನಾಲ್ಕು ಗಂಟೆಗೆ ಅದೇ ಕ್ಲಿನಿಕ್ಕಿನ ಬೆಂಚುಗಳ ಮೇಲೆ, ದವಡೆಹಲ್ಲಿನ ದೊಡ್ಡ ಚಿತ್ರದ ಕೆಳಗೆ ಸೇರುತ್ತಿತ್ತು. ಆ ವರ್ಷದ ವಿಜ್ಞಾನ ಕಾದಂಬರಿ ಪ್ರಶಸ್ತಿ ಇಂಥ ಬಳಗಗಳ ಓಟಿನ ಮೇಲೆ ನಿಂತಿತ್ತು. ಕೊನೆಯ ಸುತ್ತಿಗೆ ಬಂದ ಐದು ಕಾದಂಬರಿಗಳಲ್ಲಿ ನಾಲ್ಕನ್ನು ಬಳಗ ಆಗಲೇ ಅರೆದು ಕುಡಿದಿತ್ತು. ಉಳಿದದ್ದು ಆರುನೂರ ಹನ್ನೆರಡು ಪುಟಗಳ 'ಬೆಳ್ಳಿ ದಾದಿ'. ಇದ್ದದ್ದು ಒಂದೇ ಪ್ರತಿ. ಹನ್ನೊಂದು ಜನ ಸದಸ್ಯರ ಮನೆ ಸುತ್ತಿ ಲಿಫ್ಟುವಿನ ಕೈಗೆ ಬರುವಾಗ ಒಳರಟ್ಟಿಗೆ ಅಂಟಿಸಿದ ಚೀಟಿಯಲ್ಲಿ ಹನ್ನೊಂದು ಸಹಿಗಳಿದ್ದವು. "ಓದಿದೆ. ಬೆಚ್ಚಿಬಿದ್ದೆ." "ಓದಿದೆ. ಕಣ್ಣೀರು."

ಲಿಫ್ಟು ಶ್ರದ್ಧೆಯಿಂದ ಕೂತ. ಮೂವತ್ತಮೂರನೇ ಪುಟಕ್ಕೆ ಬಂದಾಗ ಮುಂದೆ ದಾರಿಯೇ ಇರಲಿಲ್ಲ. ಅಚ್ಚಿನ ಮನೆಯವರು ಅಂಚು ಕತ್ತರಿಸುವುದನ್ನು ಮರೆತು, ನಲವತ್ತೆಂಟರವರೆಗಿನ ಹಾಳೆಗಳು ಮಡಿಸಿದಂತೆಯೇ ಒಂದಕ್ಕೊಂದು ಕೂಡಿಕೊಂಡಿದ್ದವು. ಅವನು ಸ್ಟೀಲ್ ಸ್ಕೇಲಿನಿಂದ ಸೀಳಿ ಬಿಡಿಸಿ ಓದಿದ. ಹನ್ನೊಂದು ಜನ ಕಣ್ಣೀರಿಟ್ಟದ್ದು ಎಲ್ಲಿ ಎಂದು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಭಾನುವಾರ ಬ್ಯಾಂಕಿನ ಮೇಡಂ ಮಾತು ಶುರುಮಾಡಿದರು. "ಕೊನೇಲಿ ಆ ಯಂತ್ರದಾದಿ ಭೂಮಿ ಕಡೆ ನೋಡ್ತಾ ನಿಲ್ತಾಳಲ್ಲ... ನಾನಂತೂ ಅತ್ತೇಬಿಟ್ಟೆ."

"ನನಗೆ ಮೂರು ದಿನ ಊಟ ಸೇರ್ಲಿಲ್ಲ" ಎಂದರು ವಿಮೆ ಏಜೆಂಟರು. ಅವರ ಹೊಟ್ಟೆ ನೋಡಿದರೆ ನಂಬುವುದು ಕಷ್ಟವಿತ್ತು.

ಡಾಕ್ಟರು ಕನ್ನಡಕದ ಮೇಲಿಂದ ನೋಡಿದರು. "ನೀನು ಹೇಳಪ್ಪಾ ತಮ್ಮಾ. ದಾದಿಯ ಪಾತ್ರ ಹೇಗನ್ನಿಸ್ತು?"

"ಚಿಕ್ಕದಾಯ್ತು ಸಾರ್."

"ಚಿಕ್ಕದಾ?"

"ನಲವತ್ತೊಂದನೇ ಪುಟದಲ್ಲಿ ಸತ್ತೇಹೋಗ್ತಾಳಲ್ಲ ಸಾರ್, ಬ್ಯಾಟರಿ ಲೀಕಾಗಿ. ಆಮೇಲೆ ಪೂರ್ತಿ ಪೈಪಿನ ಜಗಳ. ಚಂದ್ರನ ಮೇಲೆ ನೀರಿನ ಪೈಪ್ ಹಾಕಿಸೋ ಸಮಿತಿಯವರದು."

ಹನ್ನೊಂದು ದವಡೆಗೂ ಒಟ್ಟಿಗೆ ಮರಗಟ್ಟಿಸುವ ಸೂಜಿ ಚುಚ್ಚಿದಂತಾಯಿತು. ಮೊದಲು ಚೇತರಿಸಿಕೊಂಡವರು ಏಜೆಂಟರು. "ಮನುಷ್ಯಪ್ರೀತಿಗಾಗಿ ಹಂಬಲಿಸುವ ಯಂತ್ರದಾದಿಯ ಮನಕಲಕುವ ಕಥನ ಅಂತ ಬೆನ್ನುಡೀಲೇ ಅಚ್ಚಾಗಿದೆಯಲ್ರೀ! ಸತ್ತೋಳು ಹೇಗ್ರೀ ಹಂಬಲಿಸ್ತಾಳೆ?"

"ಬೆನ್ನುಡಿ ಏನೋ ಗೊತ್ತಿಲ್ಲ ಸಾರ್. ಒಳಗೆ ಸಾಯ್ತಾಳೆ. ತೆಗೆದು ನೋಡಿ."

"ಚರ್ಚೆ ನಡೀವಾಗ ಪುಸ್ತಕ ತೆಗೆಯೋ ಪದ್ಧತಿ ನಮ್ಮಲ್ಲಿಲ್ಲ."

ಲಿಫ್ಟುವಿಗೆ ರೇಗಿತು. ತಾನೇ ಪುಸ್ತಕ ಬಿಚ್ಚಿ ಹಿಡಿದ. "ಈ ಹಾಳೆ ಬಿಡಿಸಿದ್ದೇ ನಾನು. ನನ್ನ ಕೈಗೆ ಬಂದಾಗ ಕೂಡಿಕೊಂಡೇ ಇದ್ವು. ನಿಮ್ಮಲ್ಲಿ ಯಾರೂ ಇಲ್ಲೀತನಕ ಬಂದೇ ಇಲ್ಲ!"

ಎಲ್ಲರೂ ಕುತ್ತಿಗೆ ಚಾಚಿದರು. ಕಂಡದ್ದು ಅಕ್ಷರವಲ್ಲ, ಇಲಿ ಕಡಿದಂತಿದ್ದ ಅಂಚು.

"ಅಯ್ಯಯ್ಯೋ, ಬಳಗದ ಪುಸ್ತಕ ಹರಿದಿದಾನೆ!" ಎಂದರು ಮೇಡಂ.

"ತಾನೇ ಒಪ್ಕೊಂಡ, ಕೇಳಿದ್ರಲ್ಲ" ಎಂದರು ಏಜೆಂಟರು.

ಡಾಕ್ಟರು ಪುಸ್ತಕ ಕಿತ್ತುಕೊಂಡು ಇಕ್ಕಳಗಳ ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಲಿಫ್ಟುವಿನ ಹೆಗಲ ಮೇಲೆ ಕೈಯಿಟ್ಟು, ಹಲ್ಲು ಕೀಳುವ ಮುಂಚೆ ಮಾತಾಡುವ ದನಿಯಲ್ಲಿ ಹೇಳಿದರು. "ನೋಡು ತಮ್ಮಾ, ಓದದೇ ಇರೋದು ದೊಡ್ಡ ತಪ್ಪಲ್ಲ. ಓದದೇ ಕತೆ ಕಟ್ಟೋದು ತಪ್ಪು. ಓದದೋನು ನನಗೆ ಅಳಿಯ ಆಗಬಹುದು. ಸುಳ್ಳ ಆಗೋದು ಸಾಧ್ಯವಿಲ್ಲ. ಈಗ ನಿಜ ಹೇಳಿಬಿಡು."

ಕೌಂಟರಿನ ಹಿಂದಿನಿಂದ ಮಗಳು 'ಒಪ್ಕೋ, ಒಪ್ಕೋ' ಎಂದು ಕಣ್ಣಲ್ಲೇ ಬೇಡುತ್ತಿದ್ದಳು. ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡವರನ್ನು ಲಿಫ್ಟು ಎಷ್ಟೋ ಸಲ ಹೊರಗೆಳೆದಿದ್ದ. ತಾನು ಸಿಕ್ಕಿಕೊಂಡದ್ದು ಇದೇ ಮೊದಲು. ಆರುನೂರ ಹನ್ನೆರಡು ಪುಟಗಳನ್ನು ಉಗುಳಿನ ಜೊತೆ ನುಂಗಿ, "ಓದಿಲ್ಲ ಸಾರ್. ತಪ್ಪಾಯ್ತು. ದಾದಿ ಸಾಯಲ್ಲ, ಬದುಕ್ತಾಳೆ" ಎಂದ.

"ಶಹಭಾಷ್!" ಎಂದು ಡಾಕ್ಟರು ಬೆನ್ನು ತಟ್ಟಿದರು. ಮಗಳ ಮುಖ ಅರಳಿತು. ಬಾಗಿಲು ತೆರೆದುಕೊಂಡದ್ದು ಆಗಲೇ. ಓಟು ಕೇಳಿಕೊಂಡು ಬಳಗದಿಂದ ಬಳಗಕ್ಕೆ ಅಲೆಯುತ್ತಿದ್ದ 'ಬೆಳ್ಳಿ ದಾದಿ'ಯ ಲೇಖಕರು ಬೆವರೊರೆಸಿಕೊಳ್ಳುತ್ತ ಒಳಗೆ ಬಂದರು.

"ಬನ್ನಿ ಸಾರ್, ನಿಮ್ಮ ದಾದೀದೇ ಮಾತು" ಎಂದು ಮೇಡಂ ಎದ್ದು ನಿಂತರು. "ಪಾಪ, ಕೊನೇವರೆಗೂ ಎಷ್ಟು ಹಂಬಲಿಸ್ತಾಳೆ!"

ಲೇಖಕರು ತಬ್ಬಿಬ್ಬಾದರು. "ಕೊನೇವರೆಗೆ? ಅವಳು ನಲವತ್ತೊಂದನೇ ಪುಟದಲ್ಲೇ ಸಾಯ್ತಾಳಲ್ಲಮ್ಮ. ಬೆನ್ನುಡಿ ಬರೆದ ಪ್ರಕಾಶಕರು ಓದೋದನ್ನ ನಲವತ್ತರಲ್ಲೇ ನಿಲ್ಲಿಸಿದ್ರು ಅಂತ ಕಾಣುತ್ತೆ."

ಹನ್ನೊಂದು ಜೊತೆ ಕಣ್ಣುಗಳು ಕಪಾಟಿನ ಬೀಗದ ಕಡೆ ಹೊರಳಿದವು. ಒಂದೇ ಕ್ಷಣ.

"ಅದೇ ಸಾರ್!" ಎಂದು ಏಜೆಂಟರು ಬೆಂಚು ತಟ್ಟಿದರು. "ಸತ್ತ ಮೇಲೂ ಪ್ರತಿ ಪುಟದಲ್ಲೂ ಅವಳೇ ಉಸಿರಾಡ್ತಾಳಲ್ಲ, ಅದನ್ನೇ ನಾವು ಹೇಳ್ತಾ ಇದ್ದಿದ್ದು!"

"ಪೈಪಿನಲ್ಲಿ ಹರಿಯೋದು ನೀರಲ್ಲ, ಅವಳ ಹಂಬಲ" ಎಂದರು ಮೇಡಂ, ಕಣ್ಣೊರೆಸಿಕೊಳ್ಳುತ್ತ. "ಇಲ್ಲೊಬ್ಬ ಇದಾನೆ ನೋಡಿ ಸಾರ್, ಈಗಷ್ಟೇ ಬದುಕ್ತಾಳೆ ಅಂತಿದ್ದ."

ಲೇಖಕರು ಎಲ್ಲರಿಗೂ ಕೈಮುಗಿದರು. ಇಷ್ಟು ಆಳವಾಗಿ ಓದಿದ ಬಳಗವನ್ನು ತಾವು ಕಂಡೇ ಇಲ್ಲವೆಂದರು.

"ಸಾಯ್ತಾಳೆ ಅಂತ ಮೊದಲು ಹೇಳಿದ್ದೇ ನಾನು!" ಎಂದು ಲಿಫ್ಟು ಕೂಗಿದ.

"ಓದಿಲ್ಲ ಅಂತ ಹನ್ನೊಂದು ಜನರ ಮುಂದೆ ಹೇಳಿದ್ದೂ ನೀನೇ" ಎಂದರು ಡಾಕ್ಟರು, ತಣ್ಣಗೆ.

ಓಟಿಗೆ ಕೈಗಳೆದ್ದವು. ಲಿಫ್ಟು ತನ್ನದನ್ನೂ ಎತ್ತಿದ. ಪೈಪಿನ ಜಗಳ ಅವನಿಗೆ ನಿಜಕ್ಕೂ ಹಿಡಿಸಿತ್ತು.

"ಕೈ ಇಳಿಸಪ್ಪ" ಎಂದರು ಡಾಕ್ಟರು. "ಓದದೋರಿಗೆ ಇಲ್ಲಿ ಓಟಿಲ್ಲ."

ಬಳಗದ ಓಟನ್ನು 'ಬೆಳ್ಳಿ ದಾದಿ' ಸರ್ವಾನುಮತದಿಂದ ಗೆದ್ದಿತು. ಲಿಫ್ಟು ಮೆಟ್ಟಿಲಿಳಿದು ರಸ್ತೆಗೆ ಬರುವಷ್ಟರಲ್ಲಿ ಮಗಳು ಹಿಂದೆಯೇ ಓಡಿ ಬಂದಳು.

"ಒಪ್ಕೊಂಡು ಮತ್ತೆ ಮಾತು ತಿರುಗಿಸ್ದೆ ಅಂತ ಸಿಟ್ಟಷ್ಟೇ, ಅಪ್ಪ ಪೂರ್ತಿ ಇಲ್ಲ ಅಂದಿಲ್ಲ ಕಣೋ. ಮುಂದಿನ ವರ್ಷದ ಪಟ್ಟಿ ಬರಲಿ, ಆಗ ಇನ್ನೊಂದ್ಸಲ ನೋಡೋಣ ಅಂದ್ರು."

"ಒಂದು ವರ್ಷಾನಾ? ಆಮೇಲೂ ಐದು ಪುಸ್ತಕ ಓದ್ಬೇಕಾ?"

"ಅಯ್ಯೋ ಬೇಡ!" ಅವಳು ಅವನ ಬಾಯಿ ಮುಚ್ಚಿದಳು. "ನನ್ನನ್ನ ಮದುವೆ ಆಗ್ಬೇಕು ಅಂತಿದ್ರೆ, ದಯವಿಟ್ಟು ಒಂದನ್ನೂ ಓದ್ಬೇಡ."